ಬೆನ್ನುನೋವಿನ ಹಾಸಿಗೆ

ಹೆಸರು ಬರೆಯಬಾರದು ಎಂಬುದು ಅವಳದೇ ಕಂಡೀಷನ್. "ನೀನು ಒಂದಲ್ಲ ಒಂದು ದಿನ ನನ್ನ ಬಗ್ಗೆ ಬರೀತೀ, ಗೊತ್ತುಂಟು ನನಗೆ. ಬರಿ. ಹೆಸರು ಮಾತ್ರ ಹಾಕ್ಬೇಡ. ಹಾಕಿದ್ರೆ ಮೇಲಿಂದ ಇಳಿದು ಬಂದು ನಿನ್ನ ಕಾಫಿಗೆ ಉಪ್ಪು ಹಾಕ್ತೇನೆ" ಎಂದಿದ್ದಳು. ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. ಈ ವಯಸ್ಸಿನಲ್ಲಿ ಕಾಫಿಯ ವಿಷಯದಲ್ಲಿ ನಾನು ರಿಸ್ಕ್ ತೆಗೆದುಕೊಳ್ಳಲಾರೆ. ಆದ್ದರಿಂದ ಇಲ್ಲಿ ಅವಳು ಬರೀ 'ಅವಳು'.

ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಹತ್ತಿಯ ಹಾಸಿಗೆಯ ಮೇಲೆ, ನಿದ್ದೆಯಲ್ಲಿ, ವೆರಿ ಪೀಸ್‌ಫುಲ್ಲಿ. ಬಂದವರೆಲ್ಲ ಪುಣ್ಯವಂತೆಯ ಸಾವು ಎಂದರು. ನಾನೊಬ್ಬಳು ಮಾತ್ರ ಒಳಗೊಳಗೇ, ಅಯ್ಯೋ ಪಾಪ, ಇವಳಿಗೆ ಕೊನೆಗೂ ಎಂಥ ಅವಮಾನವಾಯಿತಲ್ಲ ಎಂದುಕೊಂಡೆ.

ನಾಸಿಕದ ಹಳೆಯ ಪೇಟೆಯಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು. ಕರಾವಳಿಯಿಂದ ಬಂದ ಮಾವ ಶುರು ಮಾಡಿದ್ದು, ಗಂಡ ಬೆಳೆಸಿದ್ದು. ಗಂಡ ಹೋದ ಮೇಲೆ ಅಡುಗೆಮನೆಯನ್ನು ಮಗ ವಹಿಸಿಕೊಂಡ, ಗಲ್ಲಾದ ಮೇಲೆ ಅವಳು ಕೂತಳು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಎಂಜಿನಿಯರ್ ಗಂಡನ ಹಿಂದೆ ಈ ಊರಿಗೆ ಬಂದವಳು. ಮೊದಲ ಸಲ ಅಲ್ಲಿಗೆ ಹೋದಾಗ ಮಾಣಿಯನ್ನು ಕರೆದು, "ಎಕ್ಸ್‌ಕ್ಯೂಸ್ ಮಿ, ಈಸ್ ದ ಸಾಂಬಾರ್ ವೆರಿ ಸ್ಪೈಸಿ?" ಎಂದು ಕೇಳಿದೆ. ಗಲ್ಲಾದ ಕಡೆಯಿಂದ ಶುದ್ಧ ಕನ್ನಡದಲ್ಲಿ ಉತ್ತರ ಬಂತು: "ನಮ್ಮ ಸಾಂಬಾರಿಗೆ ಇಂಗ್ಲಿಷ್ ಬರುದಿಲ್ಲ. ತಿಂದು ನೋಡಿ." ನಾನೂ ನಮ್ಮ ಯಜಮಾನರೂ ಒಳಗೆ ಬರುವಾಗ ಕನ್ನಡದಲ್ಲಿ ಜಗಳವಾಡಿದ್ದನ್ನು ಕೇಳಿಸಿಕೊಂಡಿದ್ದಳು. ಅಂದಿನಿಂದ ನಾನು ಅವಳ ಬಾಯಲ್ಲಿ 'ಕಾನ್ವೆಂಟು'. ನನಗೂ ಒಂದು ಹೆಸರಿದೆ ಎಂಬುದು ಅವಳಿಗೆ ನೆನಪಾದದ್ದು ಬಹಳ ವರ್ಷಗಳ ನಂತರ, ಆ ಹೆಸರು ನೀರಿನಲ್ಲಿ ತೇಲಿಹೋದಾಗ. ಅದಕ್ಕೆ ಬರುತ್ತೇನೆ.

ಊಟ ಮುಗಿದರೂ ಏಳದೆ ಹರಟುವ ಗಿರಾಕಿಗಳನ್ನು ಎಬ್ಬಿಸುವುದರಲ್ಲಿ ಅವಳದೊಂದು ಕಲೆ ಇತ್ತು. ಬಾಯಿ ಬಿಡುತ್ತಲೇ ಇರಲಿಲ್ಲ. ಗಲ್ಲಾದಿಂದ ಇಳಿದು, ಒದ್ದೆ ಬಟ್ಟೆ ಹಿಡಿದು, ಅವರ ಟೇಬಲ್ ಒರೆಸಲು ಶುರು ಮಾಡುತ್ತಿದ್ದಳು. ಮೊದಲು ಅಂಚು. ಆಮೇಲೆ ಲೋಟದ ಸುತ್ತ. ಆಮೇಲೆ ಮೊಣಕೈಯ ಸುತ್ತ. ಹೀಗೆ ಒಳಗೊಳಗೆ ಬರುತ್ತಾ ಬರುತ್ತಾ ಕೊನೆಗೆ ಅವರ ಮೊಬೈಲನ್ನು ಎತ್ತಿ, ಅದರ ಕೆಳಗೂ ಒರೆಸಿ, ನಗುನಗುತ್ತಾ ಅವರ ಕೈಗೇ ಕೊಡುವಳು. ಕೂತಲ್ಲಿಂದ ಎದ್ದೇಳದ ಗಂಡಸನ್ನು ನಾನು ಕಂಡಿಲ್ಲ.

ಇನ್ನು ಮಧ್ಯಾಹ್ನದ ರಶ್ಶು. ಬಾಗಿಲಲ್ಲಿ ಜನ, ಒಳಗೆ ಜನ, ತಟ್ಟೆಗಳ ಸದ್ದು, ಪಾರ್ಸೆಲ್ಲಿನವರ ಕೂಗು. ಅವಳು ಬಾಯಿಗೆ ಒಂದು ಚಿಟಿಕೆ ಬಡೇಸೋಂಪು ಎಸೆದುಕೊಂಡು ತಣ್ಣಗೆ ಕೂತಿರುತ್ತಿದ್ದಳು. "ನಿನಗೆ ಟೆನ್ಷನ್ ಆಗುವುದಿಲ್ಲವಾ?" ಎಂದರೆ, "ಎಲ್ಲಾ ಟೇಬಲ್ ನೋಡಿದ್ರೆ ತಲೆ ತಿರುಗ್ತದೆ ಮಾರಾಯ್ತಿ. ಮುಂದಿನ ಒಂದು ಟೇಬಲ್ ನೋಡುದು. ಅದು ಆಯ್ತಾ, ಅದರ ಮುಂದಿನದ್ದು" ಎನ್ನುತ್ತಿದ್ದಳು. ಹೋಟೆಲಿನ ಮಾತು ಎಂದುಕೊಂಡು ನಾನು ಮರೆತೂ ಬಿಟ್ಟಿದ್ದೆ.

ಅಂಥ ಒಂದು ರಶ್ಶಿನ ನಡುವೆ, ಮಳೆಗಾಲದ ಒಂದು ದಿನ, ತೊಯ್ದು ತೊಪ್ಪೆಯಾದ ಮರಾಠಿ ಹುಡುಗಿಯೊಬ್ಬಳು ಬೆನ್ನ ಮೇಲೆ ಚೀಲ ಹೊತ್ತು ಬಂದಳು. ನೆಲವೆಲ್ಲ ನೀರು. ಒಂದರ ಮೇಲೊಂದು ಮಸಾಲೆ ದೋಸೆ ತಿಂದಳು. ಬಿಲ್ಲು ಕೊಡಲು ಬಂದಾಗ ಇವಳು ಚೀಲದ ಕಡೆ ಗದ್ದ ಎತ್ತಿ, ಅದರೊಳಗೆ ಏನು ಎಂದು ಮರಾಠಿಯಲ್ಲಿ ಕೇಳಿದಳು.

"ಕಾಕೂ, ಬೋಟ್ ಆಹೇ," ಎಂದಳು ಹುಡುಗಿ.

ಕಲ್ಲಂಗಡಿ ಹಣ್ಣಿನಷ್ಟು ತೂಕದ ರಬ್ಬರು ಬಟ್ಟೆಯ ದೋಣಿ. ಮಡಚಿ ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುವುದು. ನದಿ ಸಿಕ್ಕ ಕಡೆ ಗಾಳಿ ತುಂಬಿ, ಕೂತು, ನೊರೆ ನೀರಿನಲ್ಲಿ ಇಳಿದುಹೋಗುವುದು. ಅಣೆಕಟ್ಟು ಬಂದರೆ ಗಾಳಿ ಬಿಟ್ಟು ಮತ್ತೆ ಬೆನ್ನಿಗೆ ಹಾಕಿಕೊಂಡು ನಡೆಯುವುದು. ಪ್ಯಾಕ್‌ರಾಫ್ಟ್ ಎನ್ನುತ್ತಾರಂತೆ. ಅಷ್ಟು ಕೇಳಿ ಅವಳು ಗಲ್ಲಾದ ಡ್ರಾಯರ್ ಮುಚ್ಚಿದಳು. ಊಟದ ಹೊತ್ತಿನಲ್ಲಿ ಆ ಡ್ರಾಯರ್ ಮುಚ್ಚಿದ್ದನ್ನು ಆ ಹೋಟೆಲಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಅದರ ಹಿಂದೆ ಒಂದು ಕತೆ ಇದೆ. ಹೊಳೆ ಸಮುದ್ರಕ್ಕೆ ಸೇರುವ ಊರಿನಲ್ಲಿ ಹುಟ್ಟಿದವಳು. ಶಾಲೆ ಆಚೆ ದಡದಲ್ಲಿ. ದೋಣಿಗೆ ತಾನೇ ಹುಟ್ಟು ಹಾಕಿಕೊಂಡು ಹೋಗುತ್ತಿದ್ದಳಂತೆ, ಬರುವಾಗ ಬೇಕೆಂದೇ ಸುತ್ತು ಹಾಕಿ. "ಮದುವೆಯಾಗಿ ಇಲ್ಲಿ ಬಂದ್ಮೇಲೆ ನಾನು ಕಂಡ ದೊಡ್ಡ ನೀರು ಅಂದ್ರೆ ಸಾಂಬಾರಿನ ಹಂಡೆ," ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಎಲ್ಲ ನಗುವಿನ ಹಾಗೆ ಅದರ ತಳದಲ್ಲೂ ಒಂದಿಷ್ಟು ಏನೋ ಉಳಿದಿರುತ್ತಿತ್ತು.

ಅಲ್ಲಿಂದ ಮುಂದೆ ಅವಳಿಗೆ ಬೆನ್ನುನೋವು ಶುರುವಾಯಿತು. ವಾರಕ್ಕೊಮ್ಮೆ ಬೆಟ್ಟದ ಕಡೆಯ ಘೋಟಿ ಎಂಬ ಊರಿಗೆ ಟ್ರೀಟ್‌ಮೆಂಟಿಗೆ ಹೋಗಬೇಕಾಯಿತು. ಅಲ್ಲಿ ಟ್ರೀಟ್‌ಮೆಂಟ್ ಕೊಡುತ್ತಿದ್ದವಳು ಆ ಹುಡುಗಿ. ಕೊಡುತ್ತಿದ್ದ ಜಾಗ, ಬೆಟ್ಟದ ಕೆಳಗಿನ ಕೆರೆ, ಆಮೇಲೆ ಹಳ್ಳ, ಆಮೇಲೆ ನದಿ. ಮೈಮೇಲೆ ನೀಲಿಗಟ್ಟಿದ ಕಲೆಗಳನ್ನು ಕಂಡು ಸೊಸೆ ಗಾಬರಿಯಾದಾಗ, "ಮಾಲೀಶು ಸ್ವಲ್ಪ ಜೋರು ಮಾಡ್ತಾರೆ" ಎಂದಳಂತೆ.

ಕೊನೆಗೆ ದೋಣಿಯೂ ಮನೆಗೆ ಬಂತು. ಗಾಳಿ ಹಾಸಿಗೆ. ಬೆನ್ನಿಗೆ ಅದರ ಮೇಲೆಯೇ ಮಲಗಬೇಕಂತೆ. ಆ ಮಗನನ್ನು ನಾನು ಚಡ್ಡಿ ಹಾಕಿದಾಗಿನಿಂದ ಬಲ್ಲೆ, ತಾಯಿಯ ಮೇಲೆ ಜೀವ. ಪ್ರತಿ ಸಂಜೆ ಹೋಟೆಲಿನ ಏಪ್ರನ್ನಿನಲ್ಲೇ ಬಂದು, ಆ ದೋಣಿಯ ಜೊತೆ ಬರುವ ದೊಡ್ಡ ಬಟ್ಟೆಯ ಚೀಲದಲ್ಲಿ ಗಾಳಿ ಹಿಡಿದು, ಹಿಂಡಿ ಹಿಂಡಿ ತುಂಬಿಸಿ ಕೊಡುತ್ತಿದ್ದ.

"ಅಮ್ಮ, ಇದರ ಬದಿ ಯಾಕೆ ಇಷ್ಟು ಎತ್ತರ?"

"ಉರುಳಿ ಬೀಳ್ಬಾರ್ದಲ್ಲ, ಅದಕ್ಕೆ."

"ಮೂತಿ ಯಾಕೆ ಚೂಪು?"

"ಅದು ತಲೆ ಕಡೆ."

ಹುಟ್ಟುಗೋಲನ್ನು ಜೇಡರಬಲೆ ತೆಗೆಯುವ ಕೋಲು ಎಂದಳು. ಎಂದದ್ದಷ್ಟೇ ಅಲ್ಲ, ದೀಪಾವಳಿಗೆ ಮನೆಯ ಜೇಡರಬಲೆಯನ್ನೆಲ್ಲ ಅದರಲ್ಲೇ ತೆಗೆದಳು. ಲೈಫ್ ಜಾಕೆಟ್ಟೂ ಕೆಂಪು ಹೆಲ್ಮೆಟ್ಟೂ ನಮ್ಮ ಮನೆಯ ಕಪಾಟಿನಲ್ಲಿದ್ದವು. ಯಜಮಾನರು ಒಮ್ಮೆ ನೋಡಿ, "ಇದು ಯಾರದು?" ಎಂದರು. "ಫ್ರೆಂಡ್‌ದು," ಎಂದೆ. ನಿಜವೇ ತಾನೆ? ಸುಳ್ಳು ಹೇಳಬಾರದೆಂದು ಸಿಸ್ಟರ್ಸ್ ನಮಗೆ ಬೆತ್ತ ಹಿಡಿದು ಕಲಿಸಿದ್ದರು. ನಿಜವನ್ನೆಲ್ಲ ಹೇಳಲೇಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ.

ಒಂದು ಶ್ರಾವಣದಲ್ಲಿ ಅವಳ ಮೊಣಕಾಲು ನಿಜಕ್ಕೂ ಕೈಕೊಟ್ಟಿತು. ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದು ಮಗ ಡಾಕ್ಟರಿಗೆ ಮಾತು ಕೊಟ್ಟು ಬಂದ. ಮರುದಿನ ಅವಳು ನಮ್ಮ ಮನೆಗೆ ಬಂದು ಅಡುಗೆಕಟ್ಟೆಯ ಮೇಲೆ ಹುಡುಗಿಯಂತೆ ಹತ್ತಿ ಕೂತಳು.

"ಕಾನ್ವೆಂಟೇ, ಮೊಣಕಾಲಿಗೆ ಕಬ್ಬಿಣ ಹಾಕಿದ್ಮೇಲೆ ನನ್ನನ್ನು ಯಾರೂ ಬಿಡುದಿಲ್ಲ. ಈ ಮಳೆಗಾಲ ಮುಗಿಯುದ್ರೊಳಗೆ ನನಗೆ ಒಂದು ಸಲ ಹೋಗ್ಬೇಕು. ಘೋಟಿಯ ಮೇಲಿನ ಬೆಟ್ಟದಿಂದ ನಡೆದು, ದಾರಣಾ ನದಿಗೆ ಇಳಿದು, ಅದು ಗೋದಾವರಿಗೆ ಸೇರ್ತದಲ್ಲ, ಅಲ್ಲಿಂದ ಪೈಠಣದ ಹಿನ್ನೀರಿನವರೆಗೆ. ಒಬ್ಬಳೇ."

"ಒಬ್ಬಳೇ ಯಾಕೆ? ಆ ಹುಡುಗಿಯನ್ನು ಕರೆದುಕೋ. ಬಿ ಸೆನ್ಸಿಬಲ್."

ಅವಳು ಕೂತಲ್ಲೇ ಕಾಲು ಆಡಿಸಿದಳು. "ಮದುವೆಯಾದಂದಿನಿಂದ ನಾನು ಒಂದು ಹೊತ್ತೂ ಒಬ್ಬಳೇ ಕೂತು ಊಟ ಮಾಡ್ಲಿಲ್ಲ, ಗೊತ್ತುಂಟಾ? ಹೋಟೆಲಲ್ಲಿ ಯಾವಾಗ್ಲೂ ಯಾರಾದ್ರೂ ಎದುರಲ್ಲಿ ತಿನ್ನುತ್ತಲೇ ಇರ್ತಾರೆ," ಎಂದಳು.

ನಾನು ಕಾಫಿಗೆ ನೀರಿಟ್ಟು, ಗೋಡೆಯ ಕ್ಯಾಲೆಂಡರ್ ತೆಗೆದೆ.

ಪ್ಲಾನು ಹೀಗೆ: ಪೈಠಣಕ್ಕೆ ಹತ್ತಿರದ ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ, ನನ್ನ ತಂಗಿಯ ಮನೆ. ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ, ಎಲ್ಲೋರಾ ಗುಹೆಗಳ ಪಕ್ಕದ ವೇರೂಳದ ಜ್ಯೋತಿರ್ಲಿಂಗ ನೋಡುತ್ತೇವೆ, ಕೆಲವು ದಿನ ಇದ್ದು ಬರುತ್ತೇವೆ ಎಂದು ಎರಡೂ ಮನೆಯಲ್ಲಿ ಹೇಳುವುದು. ನಾನು ಬಸ್ಸಿನಲ್ಲಿ ಹೋಗುವುದು. ಅವಳು ನೀರಿನಲ್ಲಿ ಬರುವುದು. ಅವಳು ಹೊರಡುವ ದಿನ ಬೆಳಿಗ್ಗೆ ನಾನೊಂದು ಸ್ಟೀಲಿನ ಡಬ್ಬಿಯಲ್ಲಿ, ವಾರ ಕಳೆದರೂ ಕೆಡದ ಹಾಗೆ ಗರಿಗರಿ ಹುರಿದ ಒಗ್ಗರಣೆ ಅವಲಕ್ಕಿ ತುಂಬಿ ಕೊಟ್ಟೆ. ನನ್ನ ಮದುವೆಗೆ ಬೆಳಗಾವಿಯಲ್ಲಿ ಕೊಂಡ ಡಬ್ಬಿ. ಮುಚ್ಚಳ ಎಷ್ಟು ಬಿಗಿಯೆಂದರೆ ತೆಗೆಯಲು ಯಜಮಾನರನ್ನೇ ಕರೆಯಬೇಕು. ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಕೆತ್ತಿಸದೆ ಮನೆಗೆ ತರುತ್ತಿರಲಿಲ್ಲವಲ್ಲ, ಹಾಗೆ ಅದರ ಮೇಲೂ ನನ್ನ ಹೆಸರು, ಯಜಮಾನರ ಹೆಸರು, ನಾಸಿಕ್ ಎಂದು ಚುಕ್ಕಿ ಚುಕ್ಕಿಯ ಕನ್ನಡ ಅಕ್ಷರದಲ್ಲಿ ಕೆತ್ತಿಸಿತ್ತು.

"ಡಬ್ಬಿ ವಾಪಸ್ ಕೊಡ್ತೇನೆ. ಖಾಲಿ ಕೊಡುದಿಲ್ಲ," ಎಂದು ಹೇಳಿ ಹೋದಳು.

ಮಗ ದಿನವೂ ಸಂಜೆ ನನಗೆ ಫೋನ್ ಮಾಡುತ್ತಿದ್ದ. "ಆಂಟಿ, ಅಮ್ಮನ ಫೋನ್ ಸ್ವಿಚಾಫ್ ಬರ್ತಾ ಉಂಟು."

"ಸ್ನಾನ ಮಾಡ್ತಿರಬೇಕಪ್ಪ."

ಮರುದಿನ: "ಅಮ್ಮ ಎಲ್ಲಿ ಆಂಟಿ?" "ಒದ್ದೆ ಬಟ್ಟೆ ಒಣಗಿಸ್ತಿರಬಹುದು." ಅದರ ಮರುದಿನ: "ಅಮ್ಮ ಮಲಗಿದ್ರಾ? ಹಾಸಿಗೆಗೆ ಗಾಳಿ ಯಾರು ತುಂಬಿಸುದು?" "ಅವಳೇ ತುಂಬಿಸಿಕೊಳ್ತಾಳೆ. ಶಿ ಈಸ್ ಮ್ಯಾನೇಜಿಂಗ್." ಒಂದು ದಿನ ಅವನಿಗೇ ಅನುಮಾನ ಬಂತು: "ಎಂತ ಆಂಟಿ, ಅಮ್ಮ ಅಲ್ಲಿ ದಿನಕ್ಕೆ ಎಷ್ಟು ಸಲ ಸ್ನಾನ ಮಾಡುದು?"

ಅವಳೂ ಹಳ್ಳಿ ಸಿಕ್ಕ ಕಡೆ ಫೋನ್ ಮಾಡುತ್ತಿದ್ದಳು. ಒಮ್ಮೆ, "ಇವತ್ತು ಒಂದು ಕಡೆ ನೀರು ಊಟದ ರಶ್ಶಿನ ಹಾಗೆ ಇತ್ತು. ಎಲ್ಲಾ ಬಂಡೆ ನೋಡ್ಲಿಲ್ಲ ನಾನು. ಮುಂದಿನ ಒಂದು ನೋಡಿದೆ," ಎಂದಳು. ಇನ್ನೊಮ್ಮೆ, "ಕಾದ ಎಣ್ಣೆಗೂ ಹರಿಯುವ ನೀರಿಗೂ ಹೆದರ್ಬೇಕು ಕಾನ್ವೆಂಟೇ. ಹೆದರಿದ್ದು ಅವಕ್ಕೆ ಗೊತ್ತಾಗ್ಬಾರ್ದು, ಅಷ್ಟೇ." ಆಮೇಲೆ ಫೋನು ನಿಂತಿತು. ಚಾರ್ಜ್ ಇರಲಿಕ್ಕಿಲ್ಲ ಎಂದುಕೊಂಡೆ. ಹಾಗೆಂದು ನನಗೆ ನಾನೇ ಹೇಳಿಕೊಂಡ ಮಾತಿಗೆ ಸಿಸ್ಟರ್ಸ್ ಏನೆನ್ನುತ್ತಿದ್ದರೋ.

ಅದರ ಮರುದಿನ ಬೆಳಿಗ್ಗೆ ತಂಗಿಯ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವನ ಫೋನ್ ಬಂತು.

"ಆಂಟಿ? ನೀವಾ?"

"ಮತ್ಯಾರು?"

"ನೀವು ಬದುಕಿದ್ದೀರಾ?"

"ಸೋ ಫಾರ್, ಯೆಸ್," ಎಂದೆ.

ಆಮೇಲೆ ಅವನು ಒಂದೊಂದಾಗಿ ಹೇಳಿದ. ಸಿನ್ನರ್‌ನಿಂದ ಲಾಸಲಗಾಂವ್ ಕಡೆ ಹೋಗುವ ದಾರಿಯಲ್ಲಿ ಗೋದಾವರಿಗೆ ಹೊಸ ಸೇತುವೆ ಕಟ್ಟುತ್ತಿದ್ದರು. ಕೆಲಸದವರೆಲ್ಲ ಯಾದಗಿರಿ ಕಡೆಯಿಂದ ಬಂದವರು. ಬೆಳಿಗ್ಗೆ ನೀರು ತರಲು ಹೋದ ಹೆಂಗಸರಿಗೆ ದಡದಲ್ಲಿ ಒಂದು ಸ್ಟೀಲಿನ ಡಬ್ಬಿ, ಒಂದು ಹೆಂಗಸಿನ ಚಪ್ಪಲಿ ಸಿಕ್ಕಿದವು. ಡಬ್ಬಿಯ ಮೇಲೆ ಕನ್ನಡದ ಹೆಸರು. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ನಮ್ಮ ಕಡೆಯ ಯಾರೋ ತಾಯಿ ಹೋದಳು ಎಂದು ಅವರು ಲೆಕ್ಕ ಹಾಕಿದರು. ನಾಸಿಕದಲ್ಲಿ ಕನ್ನಡದವರು ಹುಟ್ಟಲಿ, ಸಾಯಲಿ, ಕಳೆದುಹೋಗಲಿ, ಮೊದಲು ವಿಚಾರಿಸುವುದು ಆ ಹೋಟೆಲಿನಲ್ಲೇ. ಮೇಸ್ತ್ರಿ ಅಲ್ಲಿಗೇ ಫೋನ್ ಮಾಡಿ ಡಬ್ಬಿಯ ಮೇಲಿನ ಹೆಸರು ಓದಿದ್ದಾನೆ.

ಹೀಗೆ ನಾನು ಸತ್ತೆ.

ಪಾಪ, ಹುಡುಗ ಮೊದಲು ನಮ್ಮ ಯಜಮಾನರಿಗೆ ಫೋನ್ ಮಾಡಿ ಅಳುತ್ತಾ ಸುದ್ದಿ ಹೇಳಿದ್ದ. ನಮ್ಮವರು ಪೇಪರ್ ಕೂಡ ಮಡಚದೆ, "ಸಾಧ್ಯವಿಲ್ಲ. ನನ್ನ ಹೆಂಡತಿ ಬಕೆಟ್ಟಿನ ನೀರಿಗೂ ಮೊದಲು ಬೆರಳು ಹಾಕಿ ನೋಡುವವಳು. ನದಿಗೆ ಬಿದ್ದರೆ ಅದು ಬೇರೆ ಯಾರೋ" ಎಂದರಂತೆ. ಮ್ಯಾರೀಡ್ ಲೈಫಿನ ಅಷ್ಟೂ ವರ್ಷಗಳಲ್ಲಿ ನನ್ನನ್ನು ಅವರು ಅರ್ಥ ಮಾಡಿಕೊಂಡದ್ದು ಅದೊಂದೇ ಸಲ.

"ಅಮ್ಮನಿಗೆ ಫೋನ್ ಕೊಡಿ ಆಂಟಿ," ಎಂದ.

"ಅವಳು…"

"ಸ್ನಾನ ಮಾಡ್ತಿದ್ದಾರಾ?"

ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಎಲ್ಲಿ ಆಂಟಿ?"

"ಗೋದಾವರಿಯಲ್ಲಿ," ಎಂದೆ.

ತಂಗಿಯ ಕಾರಿನಲ್ಲಿ ನಾನು ಆ ಸೇತುವೆಗೆ ಹೊರಟೆ. ಎದುರಿಗೆ ಈರುಳ್ಳಿ ತುಂಬಿದ ಟ್ರಾಕ್ಟರುಗಳ ಸಾಲು, ದಾರಿ ಮುಗಿಯದು. ಇಡೀ ದಾರಿ ನನಗೆ ಒಂದೇ ಒಂದು ಇಂಗ್ಲಿಷ್ ಪದ ನೆನಪಿಗೆ ಬರಲಿಲ್ಲ. ಬಾಯಲ್ಲಿ ಇದ್ದದ್ದು 'ಅಯ್ಯೋ ದೇವರೇ' ಒಂದೇ. ಡಬ್ಬಿ ಸಿಕ್ಕಿದೆ. ಚಪ್ಪಲಿ ಸಿಕ್ಕಿದೆ. ಅವಳು ಸಿಕ್ಕಿಲ್ಲ.

ಹೋಗಿ ನೋಡಿದರೆ ಮಗ ಹೋಟೆಲಿನ ಏಪ್ರನ್ನಿನಲ್ಲೇ ಒಂದು ಸಿಮೆಂಟ್ ಪೈಪಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಚಪ್ಪಲಿ. ನನ್ನ ಕಡೆ ನೋಡಲಿಲ್ಲ. ಮೇಸ್ತ್ರಿ ಜನರನ್ನು ಕರೆದುಕೊಂಡು ದಡ ಹಿಡಿದು ಹುಡುಕಲು ಮೇಲಕ್ಕೆ ಹೋಗಿದ್ದ. ಅವನ ಹೆಂಡತಿ, ತಲೆಗೆ ಟವೆಲು ಸುತ್ತಿದ ಗಟ್ಟಿ ಹೆಂಗಸು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯವ್ವಾ, ಸತ್ತಾಕಿ ನೀವೇನ್ರಿ?"

"ಹೌದಮ್ಮ, ನಾನೇ."

"ಛಲೋ ಆತ್ ಬಿಡ್ರಿ. ಕುಂಡ್ರಿ, ಚಾ ಕುಡೀರಿ." ಆಮೇಲೆ ಸ್ವರ ತಗ್ಗಿಸಿ, "ಹುಡುಗ್ರು ಅವಲಕ್ಕಿ ತಿಂದು ಮುಗಿಸಿದ ಮ್ಯಾಲ ಹೆಸರು ಕಂಡೇವ್ರಿ. ಸತ್ತವ್ರದು ಅಂತ ಗೊತ್ತಾಗಿದ್ರ ತಿನ್ನಾಕ ಬಿಡ್ತಿದ್ದಿಲ್ರಿ. ಒಗ್ಗರಣಿ ಭಾಳ ಛಂದ ಇತ್ತಂತ್ರಿ," ಎಂದಳು.

ಅಂಥ ಹೊತ್ತಿನಲ್ಲೂ ನನಗೆ ಒಂಚೂರು ಸಂತೋಷವಾಯಿತು. ದೇವರು ಕ್ಷಮಿಸಲಿ.

ಚಹಾ ಲೋಟ ಕೈಯಲ್ಲೇ ಇತ್ತು. ಆಗ ಈರುಳ್ಳಿ ಹೊಲದ ಅಂಚಿನಲ್ಲಿ ಒಂದು ಕೆಂಪು ಚುಕ್ಕಿ ಕಾಣಿಸಿತು. ನೋಡುತ್ತಾ ನೋಡುತ್ತಾ ಅದು ಹೆಲ್ಮೆಟ್ಟಾಯಿತು. ಹೆಲ್ಮೆಟ್ಟಿನ ಕೆಳಗೆ ಅವಳು. ಬೆನ್ನ ಮೇಲೆ ಮೂಟೆ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲಿಗೆ ಗೋಣಿಚೀಲದ ತುಂಡು. ಕುಂಟುತ್ತಾ, ಆದರೆ ಯಾವ ಗಡಿಬಿಡಿಯೂ ಇಲ್ಲದೆ, ತರಕಾರಿ ಮಾರ್ಕೆಟ್ಟಿನಿಂದ ಬರುವವಳಂತೆ ಬರುತ್ತಿದ್ದಳು. ಹಿಂದಿನ ದಿನ ಒಂದು ನೊರೆಯಲ್ಲಿ ದೋಣಿ ಮಗುಚಿ, ಡಬ್ಬಿಯೂ ಚಪ್ಪಲಿಯೂ ಹೋಗಿ, ಫೋನು ನೀರು ಕುಡಿದಿತ್ತು. ಅದರ ಮುಂದೆ ಒಂದು ಕಟ್ಟೆ. ಡಬ್ಬಿ ಕಟ್ಟೆಯ ಮೇಲಿಂದ ಧುಮುಕಿ ಮುಂದೆ ಬಂತು. ಅವಳು ಬುದ್ಧಿವಂತೆ, ದೋಣಿ ಮಡಚಿ ಹೊತ್ತುಕೊಂಡು ಸುತ್ತಿ ನಡೆದು ಬಂದಳು. ಸಿಂಪಲ್.

ಹತ್ತಿರ ಬಂದವಳೇ ಮಗನನ್ನು ನೋಡಿ ಹುಬ್ಬು ಗಂಟಿಕ್ಕಿದಳು. "ಊಟದ ಹೊತ್ತು. ಗಲ್ಲಾದಲ್ಲಿ ಯಾರು?"

ಅವನು ಎದ್ದು ನಿಂತ. ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತ. ಕೆಲಸದ ಹೆಂಗಸರೆಲ್ಲ ಬೇರೆ ಕಡೆ ನೋಡಿದರು.

"ನೀನು ಸತ್ತಿದ್ರೆ ಅಮ್ಮ?"

"ಸತ್ತದ್ದು ಇವಳಲ್ವಾ?" ಎಂದು ನನ್ನ ಕಡೆ ತೋರಿಸಿದಳು.

ಅವನು ನಗಲಿಲ್ಲ. ಕಣ್ಣು ಒರೆಸಿಕೊಂಡು, "ಕಾರು ಹತ್ತು. ಇದು ಇಲ್ಲಿಗೆ ಮುಗೀತು. ನಾಳೆಯೇ ಡಾಕ್ಟರ ಹತ್ರ ಹೋಗುದು. ಆ ಹಾಸಿಗೆಯನ್ನು ಇವತ್ತೇ ಸುಟ್ಟು ಹಾಕ್ತೇನೆ," ಎಂದ. ಅವನು ಅವಳ ಎದುರು ಸ್ವರ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವಳು ಹೆಲ್ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದಳು. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಮುಂದೆ ಇನ್ನೂ ಪೈಠಣದವರೆಗಿನ ನೀರಿತ್ತು. ಅವಳು ಅದರ ಕಡೆ ಒಮ್ಮೆ ನೋಡಿ ನೆಲದ ಮೇಲೆ ಕೂತಳು. ಮೇಸ್ತ್ರಿಯ ಹೆಂಡತಿ ನನ್ನ ಡಬ್ಬಿಯನ್ನು ತೊಳೆದು, ಅದರಲ್ಲಿ ಮಡಚಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ತಂದುಕೊಟ್ಟಳು. "ಖಾಲಿ ಡಬ್ಬಿ ತಿರುಗಿ ಕೊಡಬಾರದಲ್ರಿ." ಇವಳು ತಿಂದಳು. ಎಲ್ಲವನ್ನೂ, ನಿಧಾನವಾಗಿ. ಬಾಯಿಗೆ ಬಡೇಸೋಂಪು ಎಸೆದುಕೊಂಡಳು. ಲೈಫ್ ಜಾಕೆಟ್ಟಿಗೆ ಅದಕ್ಕೆಂದೇ ಒಂದು ಜೇಬು ಹೊಲಿದುಕೊಂಡಿದ್ದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಮುಖ ಕಿವುಚಿದಳು.

"ಬೆನ್ನು ಹಿಡಿದುಕೊಂಡುಬಿಟ್ಟಿದೆ ಮಗಾ. ಹೀಗೇ ಕಾರಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಸ್ವಲ್ಪ ಹೊತ್ತು ಮಲಗ್ತೇನೆ. ಹಾಸಿಗೆಗೆ ಗಾಳಿ ಹಾಕು."

ಅವನು ಎದ್ದ. ಪ್ರತಿ ಸಂಜೆಯ ಹಾಗೆ ಚೀಲ ಬಿಡಿಸಿ, ಗಾಳಿ ಹಿಡಿದು, ಹಿಂಡಿ ಹಿಂಡಿ ತುಂಬಿಸಿದ. ಕಣ್ಣಲ್ಲಿ ಇನ್ನೂ ನೀರಿತ್ತು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

"ಎಲ್ಲಿ ಹಾಕ್ಲಿ ಅಮ್ಮ?"

"ಅಲ್ಲಿ, ನೀರಿನ ಬದಿಗೆ. ತಂಪುಂಟು."

ಅವಳು ಹೋಗಿ ಕಾಲು ಚಾಚಿ ಮಲಗಿ, ಕಣ್ಣು ಮುಚ್ಚಿದಳು. "ತಲೆಗೆ ಎಂತಾದ್ರೂ ಉಂಟಾ?" ಎಂದಳು. ಅವನು ಕಾರಿನಿಂದ ದಿಂಬು ತರಲು ತಿರುಗಿದ.

ಅವನು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಅವಳು ಎದ್ದು ಕೂತು, ಹೆಲ್ಮೆಟ್ಟು ಹಾಕಿ, ಜೇಡರಬಲೆಯ ಕೋಲು ಜೋಡಿಸಿಕೊಂಡಾಗಿತ್ತು. ದೋಣಿ ಕೆಸರಿನಲ್ಲಿ ಸ್ವಲ್ಪ ಅಂಟಿತ್ತು. ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯ ಹೆಂಡತಿ ಅದನ್ನು ಪಾದದಿಂದ ಮೆತ್ತಗೆ ನೂಕಿದಳು. ಆಮೇಲೆ ಕೇಳಿದರೆ "ಕಾಲ್ ಜಾರಿತ್ರಿ" ಎಂದಳು.

"ಅಮ್ಮಾ!" ಎಂದು ಅವನು ದಿಂಬು ಹಿಡಿದುಕೊಂಡು ದಡದುದ್ದ ಓಡಿದ. ಹಳೆಯ ಸೇತುವೆಯ ಮುರಿದ ಕಂಬಗಳ ನಡುವೆ ನೀರು ಬೆಳ್ಳಗೆ ಎದ್ದು ಬೀಳುತ್ತಿತ್ತು. ಅವಳು ನೀರಿನಲ್ಲಿ ಹೋಗುವುದನ್ನು ನಾನು ನೋಡಿದ್ದು ಆ ಒಂದೇ ಸಲ. ಕೆಂಪು ಹೆಲ್ಮೆಟ್ಟು ಮೊದಲ ಕಂಬದ ಹತ್ತಿರ ಹೋಯಿತು, ಇನ್ನೇನು ಬಡಿಯಿತು ಎನ್ನುವಾಗ ಹೊರಳಿತು. ಎರಡನೆಯದು. ದೋಣಿಯ ಮೂತಿ ಆಕಾಶಕ್ಕೆ ಎದ್ದಿತು, ನೊರೆಯಲ್ಲಿ ಇಡೀ ದೋಣಿಯೇ ಕಾಣದಾಯಿತು. ಯಾದಗಿರಿಯ ಹೆಂಗಸರು "ಯವ್ವಾ ಯವ್ವಾ" ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಆಚೆ ಕಡೆಯ ಸಮನೀರಿನಲ್ಲಿ ಅವಳು ತೇಲುತ್ತಿದ್ದಳು. ತಿರುಗಿ ನೋಡಲಿಲ್ಲ. ಕೋಲನ್ನು ಒಮ್ಮೆ ಮೇಲೆತ್ತಿ ತೋರಿಸಿದಳು, ಅಷ್ಟೇ.

ದಂಡೆಯ ಹೆಂಗಸರೆಲ್ಲ ಕೇಕೆ ಹಾಕಿದರು. ಮಗ ದಿಂಬು ಅಪ್ಪಿಕೊಂಡು ನಿಂತಿದ್ದ. ಬೈಯುತ್ತಾನೆ ಎಂದು ನಾನು ತಯಾರಾಗಿದ್ದೆ. ಅವನು ಮೆಲ್ಲಗೆ, "ಎಷ್ಟು ಚಂದ ಹೋದ್ಲು, ಅಲ್ವಾ ಆಂಟಿ?" ಎಂದ.

ಕೆಲವು ದಿನಗಳ ಮೇಲೆ ಪೈಠಣದ ಹಿನ್ನೀರಿನ ದಡದಲ್ಲಿ ನಾನು ಟವೆಲು ಹಿಡಿದು ಕಾದು ನಿಂತಿದ್ದೆ. ಬಿಸಿಲಿಗೆ ಕಪ್ಪಾಗಿ, ಉಗುರು ಮುರಿದು, ರಾಣಿಯಂತೆ ಬಂದಳು. "ಹೇಗಿತ್ತು?" ಎಂದೆ. ಒಂದು ದೊಡ್ಡ ವರ್ಣನೆ ಬರುತ್ತದೆ ಎಂದುಕೊಂಡಿದ್ದೆ.

"ಒಬ್ಬಳೇ ಕೂತು ಊಟ ಮಾಡಿದೆ," ಎಂದಳು.

ದೀಪಾವಳಿ ಕಳೆದು ಮೊಣಕಾಲಿನ ಆಪರೇಷನ್ ಆಯಿತು. ದೋಣಿ ಅಟ್ಟ ಸೇರಿತು, ಮಗ ಸುಡಲಿಲ್ಲ. ಅವಳು ಮತ್ತೆ ಗಲ್ಲಾ ಹತ್ತಿದಳು, ಟೇಬಲ್ ಒರೆಸಿ ಜನರನ್ನು ಎಬ್ಬಿಸಿದಳು. ಅಣೆಕಟ್ಟಿನಿಂದ ನೀರು ಬಿಟ್ಟರೆಂದು ಟೀವಿಯಲ್ಲಿ ಬಂದ ದಿನ ಮಾತ್ರ ಗಿರಾಕಿಗಳಿಗೆ ಚಿಲ್ಲರೆ ತಪ್ಪಿ ಕೊಡುತ್ತಿದ್ದಳಂತೆ. ನನ್ನ ಡಬ್ಬಿಯನ್ನು ಅವಳು ವಾಪಸ್ ಕೊಡಲೇ ಇಲ್ಲ. ಕೇಳಿದಾಗಲೆಲ್ಲ, "ಯಾರದ್ದು ಡಬ್ಬಿ? ಅದರ ವಾರಸುದಾರಳು ಗೋದಾವರಿಯಲ್ಲಿ ಹೋದ್ಲಲ್ಲ," ಎನ್ನುತ್ತಿದ್ದಳು.

ನಮ್ಮ ಯಜಮಾನರು ಹೋದರು. ಆಮೇಲೆ ಅವಳೂ ಹೋದಳು. ಅಸ್ಥಿಯನ್ನು ಎಲ್ಲರಂತೆ ಊರೊಳಗಿನ ಗೋದಾವರಿಯ ರಾಮಕುಂಡದಲ್ಲಿ ಬಿಟ್ಟರು.

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮಗ. ಏಪ್ರನ್ ಇರಲಿಲ್ಲ. ಕೈಯಲ್ಲಿ ನನ್ನ ಡಬ್ಬಿ. ತೆಗೆದುಕೊಂಡೆ, ಹಗುರವಾಗಿತ್ತು.

"ಖಾಲಿ ಡಬ್ಬಿ ಕೊಡ್ಬಾರ್ದು ಅಂತ ಗೊತ್ತುಂಟು ಆಂಟಿ," ಎಂದ, ನೆಲ ನೋಡುತ್ತಾ. "ಕೊಡ್ಲಿಕ್ಕೆ ಬಂದದ್ದಲ್ಲ. ತುಂಬಿಸ್ಕೊಂಡು ಹೋಗ್ಲಿಕ್ಕೆ ಬಂದೆ."

ಆಗ ಅವನ ಹಿಂದೆ, ಮೆಟ್ಟಿಲ ಮೇಲೆ ಒರಗಿಸಿಟ್ಟ ಮೂಟೆ ಕಂಡಿತು. ಅದರ ಮೇಲೆ ಕೆಂಪು ಹೆಲ್ಮೆಟ್ಟು. ತಾಯಿ ಹೋದಾಗಿನಿಂದ ಆ ಮರಾಠಿ ಹುಡುಗಿ ವಾರಕ್ಕೊಮ್ಮೆ ಘೋಟಿಯಲ್ಲಿ ಅವನಿಗೂ ಟ್ರೀಟ್‌ಮೆಂಟ್ ಕೊಡುತ್ತಿದ್ದಾಳಂತೆ.

"ಮನೆಯಲ್ಲಿ ಎಂತ ಹೇಳಿದ್ದೀ?"

"ಲಾಸಲಗಾಂವ್‌ಗೆ ಈರುಳ್ಳಿ ನೋಡ್ಲಿಕ್ಕೆ ಹೋಗ್ತೇನೆ ಅಂತ." ಮೂಟೆಯ ಪಟ್ಟಿ ಬಿಗಿಯುತ್ತಾ ಹೇಳಿದ: "ರಾಮಕುಂಡದಲ್ಲಿ ನೀರು ನಿಂತೇ ಇರ್ತದೆ ಆಂಟಿ. ಅಲ್ಲಿಂದ ಹೊರಟ್ರೂ ಮುಂದೆ ಕಟ್ಟೆ ಉಂಟು. ಅಮ್ಮ ಅಲ್ಲೆಲ್ಲೋ ಸಿಕ್ಕಿಹಾಕಿಕೊಂಡಿರ್ತಾಳೆ ಅಂತ ನನಗೆ ದಿನಾ ಅನಿಸ್ತದೆ. ಕಟ್ಟೆ ಬಂದಾಗ ಯಾರಾದ್ರೂ ಹೊತ್ತುಕೊಂಡು ದಾಟಿಸ್ಬೇಕಲ್ಲ. ಹುಚ್ಚು ಅಂತೀರಾ?"

ನಾನು ಅವಲಕ್ಕಿಗೆ ಒಗ್ಗರಣೆ ಹಾಕಲು ಒಳಗೆ ಹೋದೆ. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ದಟ್ ಈಸ್ ದ ಅಡ್ವಾಂಟೇಜ್.

ಅಂದು ಸಂಜೆ ಸೊಸೆಯ ಫೋನ್ ಬಂತು. "ಆಂಟಿ, ಇವ್ರು ಬೆಳಿಗ್ಗೆ ನಿಮ್ಮಲ್ಲಿಗೆ ಬಂದಿದ್ರಾ? ಫೋನ್ ಸ್ವಿಚಾಫ್ ಬರ್ತಾ ಉಂಟು."

"ಬಂದಿದ್ದನಮ್ಮ. ಈಗ ಸ್ನಾನ ಮಾಡ್ತಿರಬೇಕು."

ಆ ಕಡೆ ತಟ್ಟೆಗಳ ಸದ್ದು, ಪಾರ್ಸೆಲ್ಲಿನವರ ಕೂಗು. ಗಲ್ಲಾದ ಡ್ರಾಯರ್ ಮುಚ್ಚಿದ ಸದ್ದೂ ಕೇಳಿಸಿತು.

"ಅತ್ತೆ ಮಾಡ್ತಿದ್ದ ಸ್ನಾನವಾ?"

"ಹ್ಞೂಂ, ಅದೇ."

"ಡಬ್ಬಿಯ ಮುಚ್ಚಳ ಗಟ್ಟಿ ಹಾಕಿದ್ದೀರಲ್ಲ ಆಂಟಿ?" ಎಂದಳು.

"ಹಾಕಿದ್ದೇನೆ," ಎಂದೆ.

ಅಂದಿನಿಂದ ಫೋನನ್ನು ಕೈಯಳತೆಯಲ್ಲೇ ಇಟ್ಟುಕೊಂಡು ಕೂತಿದ್ದೇನೆ. ನಾನು ಸತ್ತ ಸುದ್ದಿ ಯಾವ ಗಳಿಗೆಯಲ್ಲಿ ಬರುತ್ತದೋ ಹೇಳಲಾಗದು. ಎತ್ತಿಕೊಂಡು 'ಇಲ್ಲಪ್ಪ, ಇನ್ನೂ ಇದ್ದೇನೆ' ಎನ್ನಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ.